ಐನೂರ್ವರ ಹೆಸರು

ನಮ್ಮ ಬಳಗದ ತಿಂಗಳ ಸಭೆ ಹಲವು ವರ್ಷಗಳಿಂದ ಮುಂಬಯಿಯ ಉಪನಗರವೊಂದರ ಸಣ್ಣ ಉಡುಪಿ ಹೋಟೆಲಿನ ಮೇಲಂತಸ್ತಿನ ಕೋಣೆಯಲ್ಲಿ ನಡೆಯುತ್ತ ಬಂದಿದೆ. ಬಾಡಿಗೆಯಿಲ್ಲ, ಕಾಫಿಗೆ ಮಾತ್ರ ಹಣ. ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಮೇಲೆ ಬಂದಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಕೇಳುತ್ತಾರೆ, ಮಾತನಾಡುವುದು ಅಪರೂಪ. 2020ರ ಮಾರ್ಚಿನಲ್ಲಿ ಮುಚ್ಚಿದ ಹೋಟೆಲು ಮತ್ತೆ ಪೂರ್ಣವಾಗಿ ತೆರೆದುಕೊಳ್ಳಲು ಬಹಳ ಕಾಲ ಹಿಡಿಯಿತು. ಸಭೆ ಪುನಃ ಸೇರಿದ ದಿನ ನಾವು ಅವರನ್ನು ಕೇಳಿದೆವು: ಹೇಗೆ ಉಳಿದುಕೊಂಡಿರಿ? ಅವರ ಉತ್ತರ ಚಿಕ್ಕದಾಗಿತ್ತು. ಸುತ್ತಮುತ್ತಲಿನ ಹದಿನಾಲ್ಕು ಮಂದಿ ಸಣ್ಣ ಹೋಟೆಲಿನವರು, ಅಂಗಡಿಯವರು ಸೇರಿ ನಡೆಸುವ ಚೀಟಿಯೊಂದಿದೆ. ಆ ವರ್ಷ ತಮ್ಮ ಸರದಿ ಇನ್ನೂ ದೂರವಿತ್ತು. ಸರದಿ ಬಂದಿದ್ದ ಇಬ್ಬರು ಅದನ್ನು ಇವರಿಗೆ ಬಿಟ್ಟುಕೊಟ್ಟರು. "ದುಡ್ಡು ಆಮೇಲೆ ಬಂತು. ಮೊದಲು ಫೋನ್ ಬಂತು. ಕಂತು ಕಟ್ಟಲು ಆಗದಿದ್ದರೆ ಹೇಳು, ಅಡಗಿಕೊಳ್ಳಬೇಡ ಅಂದರು" ಎಂದು ಅವರು ಹೇಳಿದ ಮಾತು ನಮ್ಮೊಳಗೆ ಉಳಿಯಿತು.

ನಮ್ಮಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು. ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಡತಗಳ ನಡುವೆ ಬದುಕು ಸವೆಸಿದವರಿಗೆ ಒಬ್ಬ ಮನುಷ್ಯ ಯಾರೆಂಬುದು ಅವನು ಲಗತ್ತಿಸಿದ ದಾಖಲೆಗಳಿಂದ ತಿಳಿಯುವ ಸಂಗತಿ. ದಾಖಲೆ ಕೇಳದೆ, ಅಡವು ಹಿಡಿಯದೆ, ಬರಿಯ ಪರಿಚಯದ ಬಲದ ಮೇಲೆ ಲಕ್ಷಗಟ್ಟಲೆ ರೂಪಾಯಿ ಕೈ ಬದಲಾಗುವುದು ನಮಗೆ ಸೋಜಿಗವೆನಿಸಿತು. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಸೋಜಿಗಪಡಬೇಕಾದುದು ನಮ್ಮ ಮರೆವಿನ ಬಗ್ಗೆ ಎಂದು ತೋರುತ್ತದೆ. ಸಣ್ಣ ವ್ಯಾಪಾರಿಗಳು ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುವ ವ್ಯವಸ್ಥೆಯ ಚರಿತ್ರೆಯಲ್ಲಿ ಅತ್ಯಂತ ವಿಶಾಲವಾದ ಒಂದು ಅಧ್ಯಾಯಕ್ಕೆ ಕನ್ನಡ ನಾಡಿನ ಊರೊಂದರ ಹೆಸರಿದೆ.

ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಯ ದಡದಲ್ಲಿರುವ ಐಹೊಳೆಯನ್ನು ನಾವು ದೇವಾಲಯಗಳ ಊರೆಂದು ಬಲ್ಲೆವು. ಶಾಸನಗಳಲ್ಲಿ ಅದು ಅಯ್ಯಾವೊಳೆ, ಆರ್ಯಪುರ. ಬಾದಾಮಿ ಚಾಲುಕ್ಯರ ಕಾಲದಲ್ಲಿಯೇ ಅಲ್ಲಿ ಐನೂರು ಮಂದಿ ಮಹಾಜನರ ಸಭೆಯೊಂದು ಇದ್ದುದು ತಿಳಿದುಬರುತ್ತದೆ. ವಿದ್ವಾಂಸರ ಆ ಸಭೆಗೂ ಮುಂದೆ ಅದೇ ಸಂಖ್ಯೆಯನ್ನು ಹೊತ್ತ ವರ್ತಕರ ಸಂಘಕ್ಕೂ ಇದ್ದ ಸಂಬಂಧವೇನು ಎಂಬುದರ ಬಗ್ಗೆ ಚರ್ಚೆಯಿದೆ. ನಿರ್ವಿವಾದವಾದುದು ಇಷ್ಟು: ಕೆಲವು ತಲೆಮಾರುಗಳೊಳಗೆ "ಅಯ್ಯಾವೊಳೆ ಐನೂರ್ವರು" ಎಂಬುದು ಊರನ್ನೂ ಎಣಿಕೆಯನ್ನೂ ಮೀರಿದ ಹೆಸರಾಯಿತು. ಐಹೊಳೆಯನ್ನು ಕಂಡೇ ಇರದವರೂ ಆ ಹೆಸರಿನವರಾದರು. ಸಾವಿರಾರು ಮಂದಿ ಸೇರಿದ ಮೇಲೂ ಅವರು ಐನೂರ್ವರಾಗಿಯೇ ಉಳಿದರು.

ಹನ್ನೊಂದು, ಹನ್ನೆರಡನೆಯ ಶತಮಾನಗಳ ಕನ್ನಡ ಶಾಸನಗಳಲ್ಲಿ ಈ ಸಂಘದ ಪ್ರಶಸ್ತಿಗಳು ದೀರ್ಘವಾಗಿವೆ. ಅರಸರ ಬಿರುದಾವಳಿಗಿಂತ ಅವು ಕಡಿಮೆಯೇನಲ್ಲ. ಐನೂರು ವೀರಶಾಸನಗಳನ್ನು ಪಡೆದವರು, ವೀರಬಣಂಜು ಧರ್ಮವನ್ನು ಪಾಲಿಸುವವರು, ನೆಲದ ಹಾದಿ ಜಲದ ಹಾದಿಗಳಲ್ಲಿ ದೇಶದೇಶಗಳನ್ನು ಸುತ್ತುವವರು ಎಂದೆಲ್ಲ ಅವರು ತಮ್ಮನ್ನು ಬಣ್ಣಿಸಿಕೊಂಡಿದ್ದಾರೆ. ಆನೆ, ಕುದುರೆ, ಮುತ್ತು, ಮಾಣಿಕ್ಯಗಳ ಪಟ್ಟಿಯಿದೆ. ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳಿವೆ. ಈ ವೈಭವದ ನಡುವೆ ಒಂದು ಸಂಗತಿಯನ್ನು ಓದುಗರು ದಾಟಿಹೋಗಬಾರದು. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಇದೇ ಸಂಘದವರು ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ಹೋಗುವುದನ್ನೂ, ಹೆಗಲ ಮೇಲೆ ಹೊತ್ತು ಮಾರುವುದನ್ನೂ ಹೇಳುತ್ತದೆ. ದೊಡ್ಡ ವರ್ತಕನಾದ ವಡ್ಡವ್ಯವಹಾರಿಯೂ, ಸಂತೆಯಿಂದ ಸಂತೆಗೆ ಅಲೆಯುವ ಹೊರೆಯವನೂ ಒಂದೇ ಹೆಸರಿನಡಿ ನಿಂತಿದ್ದರು.

ಆ ಹೊರೆಯವನ ಸ್ಥಿತಿಯನ್ನು ಊಹಿಸಿಕೊಂಡರೆ ಸಂಘದ ಅಗತ್ಯ ಅರ್ಥವಾಗುತ್ತದೆ. ಘಟ್ಟದ ಕೆಳಗಿನ ಮೆಣಸನ್ನು ಬಳ್ಳಿಗಾವೆಯ ಪೇಟೆಗೆ ತಂದವನಿಗೆ ಅಲ್ಲಿ ಬಂಧುಗಳಿಲ್ಲ. ಅಳತೆ ಬೇರೆ, ನಾಣ್ಯ ಬೇರೆ, ಸುಂಕ ಬೇರೆ. ಸಾಲ ಕೊಟ್ಟರೆ ಮರಳಿ ಬಂದೀತೆಂಬ ಭರವಸೆಯಿಲ್ಲ. ಸಾಲ ಕೇಳಿದರೆ ನಂಬುವವರಿಲ್ಲ. ದಾರಿಯಲ್ಲಿ ಕಳ್ಳರ ಭಯ. ಕಾಯಿಲೆ ಬಿದ್ದರೆ ತಂಗಲು ಮಠವೋ ಛತ್ರವೋ ಬೇಕು. ಇವುಗಳಲ್ಲಿ ಒಂದನ್ನೂ ಅವನು ಒಬ್ಬನೇ ಗಳಿಸಲಾರ. ಸಂಘ ಅವನಿಗೆ ಮೊದಲು ಕೊಟ್ಟದ್ದು ಬಂಡವಾಳವನ್ನಲ್ಲ, ಗುರುತನ್ನು. ತಾನು ಐನೂರ್ವರವನು ಎಂದು ಹೇಳಿದ ಕೂಡಲೇ ಅಪರಿಚಿತ ಪಟ್ಟಣದಲ್ಲಿ ಅವನ ಮಾತಿಗೆ ಒಂದು ಬೆಲೆ ಬರುತ್ತಿತ್ತು. ಅವನು ಮೋಸ ಮಾಡಿದರೆ ಆ ಹೆಸರಿನವರೆಲ್ಲರಿಗೂ ಕಳಂಕ. ಆದುದರಿಂದ ಅವನನ್ನು ತಿದ್ದುವ ಹೊಣೆಯೂ ಆ ಹೆಸರಿನವರದೇ.

ಗುರುತಿನ ಜೊತೆಗೆ ವಂತಿಗೆಯಿತ್ತು. ಇಂಗ್ಲಿಷಿನಲ್ಲಿ ಇಂಥ ಸಂಘಗಳಿಗೆ ಗಿಲ್ಡ್ ಎನ್ನುತ್ತಾರೆ; ಉತ್ತರ ಯುರೋಪಿನ ಹಳೆಯ ಭಾಷೆಗಳಲ್ಲಿ ಆ ಪದದ ಮೂಲಾರ್ಥ ಸಲ್ಲಿಸಬೇಕಾದ ಪಾಲು, ಅಂದರೆ ನಮ್ಮ ವಂತಿಗೆಯೇ. ಕನ್ನಡ ಶಾಸನಗಳಲ್ಲಿ ಈ ಪಾಲಿನ ವಿವರಗಳು ಸೂಕ್ಷ್ಮವಾಗಿವೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು. ಅಡಕೆಗೆ, ಮೆಣಸಿಗೆ, ಎಲೆಯ ಕಟ್ಟಿಗೆ ಇಷ್ಟಿಷ್ಟು. ಹಣದ ನಾಲ್ಕನೆಯ ಒಂದು ಭಾಗವಾದ ಹಾಗ, ಹದಿನಾರನೆಯ ಒಂದು ಭಾಗವಾದ ವೀಸ ಇವುಗಳ ಲೆಕ್ಕದಲ್ಲಿ ದೇವಾಲಯಕ್ಕೆ, ಮಠಕ್ಕೆ, ಕೆರೆಗೆ ಸಲ್ಲುತ್ತಿದ್ದ ಕಾಣಿಕೆಗಳು ಅವು. ಗಾಣದವರಿಗೂ ತಮ್ಮದೇ ಕೂಟವಿತ್ತು. ತೆಲ್ಲಿಗರ ಐವತ್ತೊಕ್ಕಲು ಎಂದು ಅದನ್ನು ಕರೆಯುತ್ತಿದ್ದರು. ದೀಪಕ್ಕೆ ಅವರ ಸೊಲಿಗೆ ಎಣ್ಣೆ, ಪೇಟೆಯವರ ಹಾಗ ಎಂಬಂತೆ ಕೊಡುಗೆಗಳು ಒಂದೇ ಕಲ್ಲಿನ ಮೇಲೆ ಕೂಡುತ್ತಿದ್ದವು. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಪಿರಾನ್ಮಲೈಯಲ್ಲಿರುವ ಹದಿಮೂರನೆಯ ಶತಮಾನದ ಶಾಸನದಲ್ಲಿ ಇಂಥ ಸರಕುಗಳ ಪಟ್ಟಿ ಉಪ್ಪಿನಿಂದ ತೊಡಗಿ ಬಹುದೂರ ಸಾಗುತ್ತದೆ. ಇದು ದಾನವೆಂದು ಓದಿ ಮುಗಿಸುವುದು ಸುಲಭ. ಆದರೆ ಆ ದೇವಾಲಯದ ಮಂಟಪದಲ್ಲೇ ಸಭೆ, ಅಲ್ಲೇ ನ್ಯಾಯ, ಅಲ್ಲೇ ದಾರಿಹೋಕರಿಗೆ ತಂಗುದಾಣ ಎಂಬುದನ್ನು ನೆನೆದರೆ, ಎಲ್ಲರೂ ಕೂಡಿ ಕಟ್ಟಿಕೊಂಡ ಆಸರೆಯ ಲೆಕ್ಕಪತ್ರ ಅದೆಂದು ತಿಳಿಯುತ್ತದೆ.

ಈ ಸಂಘದ ವಿಸ್ತಾರಕ್ಕಿಂತ ಅದರ ಬಾಗಿಲು ಎಷ್ಟು ಅಗಲವಾಗಿತ್ತು ಎಂಬುದೇ ನಮ್ಮನ್ನು ಇಂದು ಹೆಚ್ಚು ಕಾಡುವ ಸಂಗತಿ. ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ, ಉಭಯನಾನಾದೇಶಿ ಎಂಬ ಮಾತುಗಳು ಮರಮರಳಿ ಬರುತ್ತವೆ. ಗವರೆ, ಗಾತ್ರಿಗ, ಸೆಟ್ಟಿ, ಸೆಟ್ಟಿಗುತ್ತ, ಮುಮ್ಮುರಿದಂಡ ಹೀಗೆ ಬಗೆಬಗೆಯ ವರ್ತಕ ಸಮೂಹಗಳು ಅದರೊಳಗಿದ್ದವು. ದೇವರೂ ಒಬ್ಬರಲ್ಲ. ಹುಂಚದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಹನ್ನೊಂದನೆಯ ಶತಮಾನದಲ್ಲಿ ಬಸದಿ ಕಟ್ಟಿಸಿದ. ಗದಗಿನ ಸಮೀಪದ ಡಂಬಳದಲ್ಲಿ, ಅಂದಿನ ಧರ್ಮವೊಳಲಿನಲ್ಲಿ, ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದನ್ನೂ ಅಲ್ಲಿನ ತಾರಾದೇವಿಯ ಆಲಯವನ್ನೂ 1095ರ ಶಾಸನ ದಾಖಲಿಸಿದೆ. ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಬಹುತೇಕ ಮರೆಯಾಗಿದ್ದ ಹೊತ್ತಿನಲ್ಲಿ ವರ್ತಕರು ಅದಕ್ಕೊಂದು ಮನೆ ಕಟ್ಟಿದ್ದರು.

ಭಾಷೆಯೂ ಒಂದೇ ಅಲ್ಲ. ತಮಿಳು ನೆಲದ ಕಲ್ಲುಗಳಲ್ಲಿ ಅಯ್ಯಾವೊಳೆ "ಐಯಪ್ಪೊೞಿಲ್" ಆಯಿತು, ಐನೂರ್ವರು "ಐಞ್ಞೂಟ್ರುವರ್" ಆದರು. ಸುಮಾತ್ರದ ಬಾರುಸ್ ಬಳಿಯ ಲೋಬು ತುವದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಸಂಘದವರು ಹಡಗಿನವರು ಸಲ್ಲಿಸಬೇಕಾದ ಪಾಲನ್ನು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಚಿನ್ನದ ರೂಪದಲ್ಲಿ ಗೊತ್ತುಮಾಡಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ದೇವಾಲಯಕ್ಕೆ ಮಂಟಪ ಕಟ್ಟಿಸಿ ದೀಪದ ವ್ಯವಸ್ಥೆ ಮಾಡಿದವನು ಕೇರಳದವನು. ಕನ್ನಡದ ಊರಿನ ಹೆಸರು ಕನ್ನಡವನ್ನೇ ಅರಿಯದವರ ಸೊತ್ತಾಯಿತು. ಕರ್ನಾಟಕದಿಂದ ಹೊರಗೆ ಬದುಕುವ ನಾವು ಈ ಹೆಸರಿನ ಬಗ್ಗೆ ಹೆಮ್ಮೆಪಡುವಾಗ ಒಂದನ್ನು ಮರೆಯಬಾರದು: ಅದು ಅಷ್ಟು ದೂರ ಹೋದದ್ದು ಕನ್ನಡದವರು ಅದನ್ನು ತಮ್ಮದೆಂದು ಬಿಗಿಹಿಡಿದುದರಿಂದಲ್ಲ, ಬಿಟ್ಟುಕೊಟ್ಟುದರಿಂದ.

ಹಾಗೆಂದು ಐನೂರ್ವರನ್ನು ಕರುಣಾಳುಗಳ ಕೂಟವೆಂದು ಚಿತ್ರಿಸುವುದು ಇತಿಹಾಸಕ್ಕೆ ಬಗೆಯುವ ಅಪಚಾರ. ಅವರ ಜೊತೆ ಆಯುಧಧಾರಿಗಳಿದ್ದರು. ಎಱಿವೀರಪಟ್ಟಣಗಳೆಂಬ ವಿಶೇಷ ರಕ್ಷಣೆಯ ಪೇಟೆಗಳನ್ನು ಅವರು ಸ್ಥಾಪಿಸಿದ್ದರು. ರಕ್ಷಣೆಗೆ ಹಿಡಿದ ಕತ್ತಿ ಒಮ್ಮೊಮ್ಮೆ ಕಾಯಬೇಕಾದವರ ಕಡೆಗೇ ತಿರುಗುತ್ತಿತ್ತು. ಚೆನ್ನೈಯ ಉತ್ತರಕ್ಕೆ, ಪೊನ್ನೇರಿ ಸೀಮೆಯ ಕಾಟ್ಟೂರಿನ ಶಾಸನ ಇದಕ್ಕೆ ಸಾಕ್ಷಿ. ಊರನ್ನು ವೀರಪಟ್ಟಣವೆಂದು ಸಾರಿದ ಅದೇ ಸಭೆ, ಆಯುಧ ತೋರಿಸಿ ಜನರನ್ನು ಬೆದರಿಸಿ ಹಣ ಕೀಳುವ, ಜನರನ್ನು ಸೆರೆಹಿಡಿಯುವ ತಮ್ಮದೇ ಕಡೆಯವರು ಆ ಊರಿನಲ್ಲಿ ನೆಲೆಸಕೂಡದೆಂದು ಕಟ್ಟಳೆ ಮಾಡಿತು. ಜನರ ಸೊತ್ತನ್ನು ಕಸಿದು ಅವರನ್ನು ಹಸಿವಿಗೆ ದೂಡುವವರು ವರ್ತಕ ಸಮುದಾಯದ ಹೊರಗಿನವರೆಂದು ಘೋಷಿಸಿತು. ಅಂಥ ಕೃತ್ಯಗಳು ನಡೆದಿಲ್ಲವಾಗಿದ್ದರೆ ಅಂಥ ಕಟ್ಟಳೆ ಬೇಕಾಗುತ್ತಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಐನೂರ್ವರ ಅತ್ಯಂತ ಗೌರವದ ಕಲ್ಲು ಕಡಲಾಚೆಯದಲ್ಲ, ಇದು. ತನ್ನವರ ತಪ್ಪನ್ನು ತಾನೇ ಕಲ್ಲಿನ ಮೇಲೆ ಒಪ್ಪಿಕೊಂಡ ಸಂಘ ಅದು.

ಹದಿನಾಲ್ಕನೆಯ ಶತಮಾನದ ನಂತರ ಐನೂರ್ವರ ಶಾಸನಗಳು ವಿರಳವಾಗುತ್ತ ಹೋಗುತ್ತವೆ. ಸಂತೆಗಳು ಉಳಿದವು, ಸೆಟ್ಟಿಗಳು ಉಳಿದರು, ಊರೂರಿನ ಪೇಟೆಯ ಕೂಟಗಳು ಉಳಿದವು. ಎಲ್ಲರನ್ನೂ ಬೆಸೆಯುತ್ತಿದ್ದ ಒಂದು ಹೆಸರು ಮಾತ್ರ ಮರೆಯಾಯಿತು.

ಅದೇ ಅಗತ್ಯ ಮತ್ತೆ ದೊಡ್ಡದಾಗಿ ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೇರೊಂದು ವೇಷದಲ್ಲಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ಡಂಬಳದ ಸೆಟ್ಟಿಗಳ ಕಲ್ಲು ಅಲ್ಲಿಂದ ಬಹಳ ದೂರವಿಲ್ಲ. 1906ರ ಒಂದೇ ವರ್ಷದಲ್ಲಿ ಕರಾವಳಿಯ ಕನ್ನಡಿಗರು ಮೂರು ಕಡೆ ಮೂರು ಸಂಸ್ಥೆಗಳನ್ನು ಆರಂಭಿಸಿದರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸ್ಥಾಪಿಸಿದ ಸಹಕಾರಿ ಸಂಘ. ಉಡುಪಿಯ ಸಂಸ್ಥೆ ಮೊದಲ ದಿನ ಕಲೆಹಾಕಿದ್ದು 38 ರೂಪಾಯಿ 13 ಆಣೆ 2 ಪೈ. ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ಆ ಲೆಕ್ಕ ನಮಗೆ ಹಾಗ ವೀಸಗಳ ಶಾಸನಗಳನ್ನೇ ನೆನಪಿಸುತ್ತದೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯವನ್ನೂ ಪರಸ್ಪರ ಸಹಕಾರವನ್ನೂ ಬೆಳೆಸುವುದೇ ತನ್ನ ಗುರಿಯೆಂದು ಆ ಸಂಸ್ಥೆ ಆರಂಭದಲ್ಲಿಯೇ ಸಾರಿತ್ತು. 1925ರಲ್ಲಿ ಉಡುಪಿಯಲ್ಲಿಯೇ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ಕೈಮಗ್ಗದ ನೇಕಾರರ ಸಂಕಷ್ಟ ನೋಡಿ ಎಂಟು ಸಾವಿರ ರೂಪಾಯಿಗಳಿಂದ ಇನ್ನೊಂದು ಸಂಸ್ಥೆ ತೆರೆದರು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆ ಅಂಗಡಿಗಳ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಹನಿಗೂಡಿದರೆ ಹಳ್ಳ ಎಂಬ ಗಾದೆ ಬ್ಯಾಂಕಿನ ಪದ್ಧತಿಯಾಯಿತು. ದಿನವೂ ಬರುವ ಪಿಗ್ಮಿಯವನಿಗೆ ಯಾವ ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಯಾವುದು ಬಾಗಿಲು ಹಾಕುವ ಸ್ಥಿತಿಯಲ್ಲಿದೆ ಎಂಬುದು ಕಾಗದದ ನೆರವಿಲ್ಲದೆ ಗೊತ್ತಿರುತ್ತಿತ್ತು.

ಇದೇ ಕರಾವಳಿಯಿಂದಲೇ ಮುಂಬಯಿಯ ಹೋಟೆಲುಗಳು ಬಂದವು. 1923ರ ಮಹಾಪೂರ, ಕೈಗೆಟುಕದ ಭೂಮಿ, ಮುಂದೆ ಭೂಸುಧಾರಣೆಯ ಪಲ್ಲಟ, ಹೀಗೆ ಕಾರಣಗಳು ಹಲವು. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಂಥ ಹೆಸರಾಂತ ಊಟದ ಮನೆಗಳ ಹಿಂದೆ ಹೆಸರಿಲ್ಲದ ನೂರಾರು ಸಣ್ಣ ಹೋಟೆಲುಗಳಿದ್ದವು. ಊರಿನಿಂದ ಓಡಿಬಂದ ಹುಡುಗ ಲೋಟ ತೊಳೆದು, ಹೋಟೆಲಿನ ಬೆಂಚಿನ ಮೇಲೆ ಮಲಗಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹತ್ತಿಪ್ಪತ್ತು ವರ್ಷಗಳಲ್ಲಿ ತಾನೇ ಯಜಮಾನನಾದ ಕಥೆ ಈ ನಗರದ ಕನ್ನಡಿಗರ ಮನೆಮನೆಗಳಲ್ಲಿದೆ. ಆ ಏಣಿಯ ಮೆಟ್ಟಿಲುಗಳನ್ನು ಹಾಕಿದ್ದು ಸಂಘಗಳು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮುಂದೆ 1978ರಲ್ಲಿ ಅದರ ಮುಂದಾಳ್ತನದಲ್ಲಿ ಹುಟ್ಟಿದ ಭಾರತ್ ಸಹಕಾರಿ ಬ್ಯಾಂಕು, ಇವು ಶಾಲೆ ನಡೆಸಿದವು, ಸಾಲ ಕೊಟ್ಟವು, ಮುಖ್ಯವಾಗಿ ಅಪರಿಚಿತ ನಗರದಲ್ಲಿ "ಇವನು ನಮ್ಮವನು" ಎಂದು ಹೇಳಲು ಯಾರಾದರೂ ಇರುವಂತೆ ನೋಡಿಕೊಂಡವು.

ಈ ಸಾಧನೆಯನ್ನು ನಾವು ಕಿಂಚಿತ್ತೂ ಕಡಿಮೆಮಾಡುವುದಿಲ್ಲ. ಆದರೆ "ನಮ್ಮವನು" ಎಂಬ ಮಾತಿನ ಅಳತೆ ಐನೂರ್ವರ ಕಾಲಕ್ಕಿಂತ ಕಿರಿದಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಜಾತಿಗೊಂದು ಸಂಘ, ಸೀಮೆಗೊಂದು ಸಂಘ. ಅತ್ತ ಬ್ಯಾಂಕುಗಳ ಬಾಗಿಲು ಅಗಲವಾಯಿತು, ಆದರೆ ಅಲ್ಲಿ ಮುಖ ನೋಡಿ ಗುರುತಿಸುವವರು ಉಳಿಯಲಿಲ್ಲ. 2020ರ ಏಪ್ರಿಲ್ 1ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಹೊತ್ತಿನಲ್ಲಿಯೇ, ಉಡುಪಿಯಲ್ಲಿ ಹುಟ್ಟಿದ ಆ ಎರಡು ಸಂಸ್ಥೆಗಳೂ, ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್, ಇನ್ನೂ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಪರಿಚಯದ ಕೂಟ ಬ್ಯಾಂಕಾಗುತ್ತದೆ, ಬ್ಯಾಂಕು ಬೆಳೆದು ಪರಿಚಯವನ್ನು ಕಳೆದುಕೊಳ್ಳುತ್ತದೆ, ಸಣ್ಣ ವ್ಯಾಪಾರಿ ಮತ್ತೆ ಹದಿನಾಲ್ಕು ಮಂದಿಯ ಚೀಟಿಗೆ ಮರಳುತ್ತಾನೆ. ಮುಂಬಯಿಯಲ್ಲಿ ಭಿಶಿ, ಚೆನ್ನೈಯಲ್ಲಿ ಚೀಟ್ಟು, ಕೇರಳದಲ್ಲಿ ಕುರಿ ಎಂಬ ಹೆಸರುಗಳಲ್ಲಿ ಬದುಕಿರುವುದು ಅದೇ ಹಳೆಯ ವಂತಿಗೆ.

ನಮ್ಮ ಹೋಟೆಲಿನ ಯಜಮಾನರ ಕಥೆಗೆ ಉತ್ತರಾರ್ಧವೊಂದಿದೆ. ಅವರ ಅಡುಗೆಮನೆಯ ಮುಖ್ಯಸ್ಥ ಒಡಿಶಾದವನು. ಹದಿನೆಂಟು ವರ್ಷಗಳಿಂದ ನಾವು ತಿನ್ನುತ್ತಿರುವ ನೀರುದೋಸೆಯನ್ನು ಹುಯ್ಯುತ್ತಿರುವುದು ಅವನ ಕೈ. ತುಳು ಮಾತನಾಡುತ್ತಾನೆ, ನಮ್ಮ ಸಭೆಗೆ ಕಾಫಿ ತರುವಾಗ ಕನ್ನಡದಲ್ಲಿ ಸಕ್ಕರೆ ಎಷ್ಟೆಂದು ಕೇಳುತ್ತಾನೆ. ಕಳೆದ ವರ್ಷ ರೈಲು ನಿಲ್ದಾಣದ ಬಳಿ ಸ್ವಂತ ಗಾಡಿ ಇಡುವ ಆಲೋಚನೆ ಮಾಡಿದ. ಬ್ಯಾಂಕಿನಲ್ಲಿ ತೋರಿಸಲು ಅವನಲ್ಲಿ ಈ ನಗರದ ವಿಳಾಸಪತ್ರವಿರಲಿಲ್ಲ. ಚೀಟಿಗೆ ಸೇರಿಸಿಕೊಳ್ಳುವಿರಾ ಎಂದು ಕೇಳಿದ. ಹದಿನಾಲ್ವರು ಯೋಚಿಸಿದರು. ಒಳ್ಳೆಯವನು, ಆದರೆ ನಾಳೆ ಊರಿಗೆ ಹೋಗಿಬಿಟ್ಟರೆ ಹುಡುಕುವುದೆಲ್ಲಿ, ಅವನ ಕಡೆಯವರು ನಮಗೆ ಯಾರು ಗೊತ್ತು ಎಂದರು. ಈ ಮಾತು ನಮ್ಮ ಸಭೆಯ ಹೊತ್ತಿನಲ್ಲಿಯೇ, ನಮ್ಮೆದುರಿಗೇ ಬಂತು. ಅಂದು ನಮ್ಮಲ್ಲೊಬ್ಬರು ಐಹೊಳೆಯ ಕುರಿತು ಪ್ರಬಂಧ ಓದುವವರಿದ್ದರು. ನಾವು ಯಾರೂ ಏನೂ ಹೇಳಲಿಲ್ಲ. ವ್ಯಾಪಾರ ಅವರದು, ನಷ್ಟವಾದರೆ ಅವರದೇ ಎಂಬುದು ನಮ್ಮ ಮೌನಕ್ಕೆ ನಾವು ಕೊಟ್ಟುಕೊಂಡ ಕಾರಣ. ಆ ಕಾರಣ ಸುಳ್ಳಲ್ಲ. ಆದರೂ, ನಾನಾದೇಶಿ ಎಂಬ ಪದದ ಸೊಗಸನ್ನು ಅರ್ಧ ಗಂಟೆ ಕೊಂಡಾಡಿದ ಮೇಲೆ ಕಾಫಿಯ ಲೋಟ ಕೈಗೆತ್ತಿಕೊಂಡಾಗ ನಮ್ಮಲ್ಲಿ ಕೆಲವರಿಗಾದರೂ ಮುಜುಗರವಾಯಿತು.

ಹದಿನಾಲ್ವರ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಪರಿಚಯದ ಮೇಲೆ ನಿಂತ ಕೂಟಕ್ಕೆ ಅಪರಿಚಯವೇ ಅಪಾಯ. ಆದರೆ ಆ ಅಪಾಯ ಸಾವಿರ ವರ್ಷಗಳ ಹಿಂದೆಯೂ ಇತ್ತು, ದಾರಿಗಳು ಇನ್ನೂ ದೂರವಾಗಿದ್ದವು, ಓಡಿಹೋದವನನ್ನು ಹುಡುಕಲು ಫೋನೂ ಇರಲಿಲ್ಲ. ಐನೂರ್ವರು ಅದಕ್ಕೆ ಕಂಡುಕೊಂಡ ಪರಿಹಾರ ಬಾಗಿಲು ಮುಚ್ಚುವುದಲ್ಲ. ಹೆಸರನ್ನು ಕೊಟ್ಟು, ಹೆಸರಿನ ಜೊತೆ ಕಟ್ಟಳೆಯನ್ನೂ ಕೊಟ್ಟು, ತಪ್ಪಿದವನನ್ನು ಹೊರಗಿಡುವ ಧೈರ್ಯವನ್ನೂ ಉಳಿಸಿಕೊಳ್ಳುವುದು. ಕುಲ ಕೇಳಿ ಸೇರಿಸಿಕೊಳ್ಳುವ ಬದಲು ನಡತೆ ನೋಡಿ ಉಳಿಸಿಕೊಳ್ಳುವ ಪದ್ಧತಿ ಅದು. ಹಾಗಿಲ್ಲದಿದ್ದರೆ ಮಲಪ್ರಭೆಯ ದಡದ ಹೆಸರು ಸುಮಾತ್ರದ ಕರೆಯಲ್ಲಿ ಕಲ್ಲಾಗುತ್ತಿರಲಿಲ್ಲ.

ಕೊನೆಗೆ ಯಜಮಾನರೇ ಒಂದು ದಾರಿ ಮಾಡಿದರು. ತಮ್ಮ ಹೆಸರಿನಲ್ಲಿ ಇನ್ನೊಂದು ಚೀಟಿ ಹಿಡಿದರು. ಕಂತು ಕಟ್ಟುವುದು ಅವನು, ಸರದಿ ಬಂದರೆ ಹಣ ಅವನಿಗೆ. ಈ ತಿಂಗಳ ಸಭೆಯ ದಿನ ಅವರು ಚೀಟಿಯ ಪುಸ್ತಕವನ್ನು ನಮಗೆ ತೋರಿಸಿದರು. ಹದಿನೈದು ಸಾಲುಗಳಿವೆ, ಯಜಮಾನರ ಹೆಸರು ಎರಡು ಸಲ ಬಂದಿದೆ. ಏಳು ಕಂತು ಒಂದೂ ತಪ್ಪದೆ ಸಂದಿವೆ. ಮುಂದಿನ ಚೀಟಿಗೆ ಅವನ ಹೆಸರನ್ನೇ ಬರೆಯುವಿರಾ ಎಂದು ಈ ಸಲ ನಾವು ಕೇಳಿದೆವು. "ಕೇಳಿ ನೋಡುತ್ತೇನೆ" ಎಂದು ಅವರು ಪುಸ್ತಕ ಮುಚ್ಚಿ ಕೆಳಗಿಳಿದು ಹೋದರು.